ರಬಕವಿ ಬದನೆ ಯಾವ ಪುಟದಲ್ಲಿದೆ?

ಕೃಷ್ಣಾ ದಂಡೆಯ ಒಂದು ಗ್ರಾಮ ಪಂಚಾಯಿತಿ. ಊರಿನ ಹೆಸರು ಬೇಡ. ಮುಂದೆ ಹೇಳುವುದು ಆ ಒಂದೇ ಊರಿನ ಕಥೆಯಲ್ಲ. ಊರಿನ ಬೆಳೆ, ಗಿಡ, ಜಾನುವಾರುಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ನೋಡಬೇಕಿತ್ತು ಅಂದೆ. ಪಿಡಿಒ ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. ‘ಯಾವುದ್ರಿ ಸರ ಅದು, ನರೇಗಾದ್ದೇನು?’ ಅಲ್ಲ ಎಂದು ಬಿಡಿಸಿ ಹೇಳಿದ ಮೇಲೆ ಬಿಲ್ ಕಲೆಕ್ಟರ್ ಕಬ್ಬಿಣದ ಕಪಾಟಿನ ತಳದ ಖಾನೆಗೆ ಕೈ ಹಾಕಿ, ಹಳೆಯ ಮತದಾರರ ಪಟ್ಟಿಗಳ ಅಡಿಯಿಂದ ಒಂದು ಸ್ಪೈರಲ್ ಬೈಂಡಿಂಗಿನ ಪುಸ್ತಕ ಎಳೆದು ಕೊಟ್ಟ. ಮುಖಪುಟದಲ್ಲಿ ನವಿಲು, ನವಿಲಿನ ಹಿಂದೆ ಯಾವುದೋ ಜಲಪಾತ.

ಬೆಳೆಗಳ ಪುಟ ತೆಗೆದೆ. ಜೋಳ: ಬಿಳಿ. ಬದನೆ: ಸ್ಥಳೀಯ ಮತ್ತು ಹೈಬ್ರಿಡ್. ಮುಗಿಯಿತು. ಮರಗಳ ಪಟ್ಟಿಯಲ್ಲಿ ಮಾತ್ರ ಮತ್ತಿ, ಹೊನ್ನೆ, ನಂದಿ ಎಂದು ಮಲೆನಾಡೇ ಇಳಿದು ಬಂದಿತ್ತು. ಕಣ್ಣು ಹಾಯಿಸಿದಷ್ಟು ದೂರ ಕಬ್ಬು, ಅದರಾಚೆ ಎರೆ ಹೊಲ, ಬದುವಿನ ಮೇಲೆ ಬೇವು, ಜಾಲಿ ಇರುವ ಊರು ಅದು. ಈ ಗಿಡಗಳು ಎಲ್ಲಿವೆ ಎಂದು ಕೇಳಿದೆ. ‘ಅದನ್ನ ಬರದವರನ್ನ ಕೇಳಬೇಕ್ರಿ’ ಅಂದರು. ಬರೆದವರು ಯಾರೆಂದು ಪುಸ್ತಕದಲ್ಲಿ ಇರಲಿಲ್ಲ. ‘ಮೇವು, ಹುಲ್ಲು’ ಎಂಬ ತಲೆಬರಹದ ಕೆಳಗಿನ ಪುಟ ಪೂರ್ತಿ ಖಾಲಿ.

ಈ ಪುಸ್ತಕ ಸುಮ್ಮನೆ ಹುಟ್ಟಿದ್ದಲ್ಲ. 1992ರ ರಿಯೊ ಸಮ್ಮೇಳನದ ಜೀವವೈವಿಧ್ಯ ಒಪ್ಪಂದಕ್ಕೆ ಭಾರತ 1994ರಲ್ಲಿ ಒಪ್ಪಿಗೆಯ ಮುದ್ರೆ ಒತ್ತಿತು. ಅದಕ್ಕೆ ತಕ್ಕ ಕಾನೂನು ಬರಲು 2002 ಆಯಿತು. ಚೆನ್ನೈನಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ, ಬೆಂಗಳೂರಿನಲ್ಲಿ ರಾಜ್ಯದ ಮಂಡಳಿ, ಊರಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂದು ಮೂರು ಅಂತಸ್ತು. ಕಾನೂನಿನ 41ನೇ ಕಲಂ ಓದಿದರೆ ಕೆಳಗಿನ ಅಂತಸ್ತನ್ನೇ ಗಟ್ಟಿ ಮಾಡುವ ಮನಸ್ಸು ಇದ್ದಂತೆ ಕಾಣುತ್ತದೆ. ಊರಿನ ಬೆಳೆ ತಳಿ, ಜಾನುವಾರು ತಳಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ, ಎಲ್ಲವನ್ನೂ ಸಮಿತಿ ದಾಖಲಿಸಬೇಕು. ಅದರ ವ್ಯಾಪ್ತಿಯ ಸಂಪನ್ಮೂಲದ ಬಗ್ಗೆ ಮೇಲಿನವರು ನಿರ್ಧಾರ ತೆಗೆದುಕೊಳ್ಳುವಾಗ ಸಮಿತಿಯನ್ನು ಕೇಳಲೇಬೇಕು. ‘ಕೇಳಬಹುದು’ ಎಂದಲ್ಲ.

ಆದರೆ 14 ವರ್ಷ ಕಳೆದರೂ ದೇಶದಲ್ಲಿದ್ದ ಸಮಿತಿಗಳು 9,700, ಸಿದ್ಧವಾದ ದಾಖಲೆಗಳು 1,388. ಇದು 2016ರ ಲೆಕ್ಕ. ಆ ವರ್ಷ ಒಬ್ಬರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. 2020ರ ಜನವರಿ 31ರೊಳಗೆ ಎಲ್ಲ ಮುಗಿಯಬೇಕು, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ನ್ಯಾಯಮಂಡಳಿ ಗಡುವು ಹಾಕಿತು. ದಂಡದ ಹೆದರಿಕೆಗೆ ಏನಾಗುತ್ತದೋ ಅದೇ ಆಯಿತು. ಈಗ ದೇಶದಲ್ಲಿ 2.7 ಲಕ್ಷಕ್ಕೂ ಹೆಚ್ಚು ಸಮಿತಿಗಳಿವೆ, ಹೆಚ್ಚುಕಡಿಮೆ ಅಷ್ಟೇ ದಾಖಲೆಗಳಿವೆ. ಒಂದು ಊರಿನ ಬೀಜ, ಹುಲ್ಲು, ಹಕ್ಕಿ, ಔಷಧಿಯನ್ನು ನಾಲ್ಕು ಕಾಲ ತಿರುಗಿ ನೋಡಿ ಬರೆಯಬೇಕಾದ ಪುಸ್ತಕ, ಎಷ್ಟೋ ಕಡೆ ನಾಲ್ಕು ದಿನದಲ್ಲಿ ಟೈಪಾಯಿತು. ಆ ಊರಿಗೆ ಮತ್ತಿ ಮರ ಬಂದ ದಾರಿ ಅದೇ ಇರಬೇಕು.

ಬದನೆಯ ಮುಂದೆ ಬರೆದ ‘ಸ್ಥಳೀಯ’ ಎಂಬ ಒಂದೇ ಪದ ಎಷ್ಟು ದುಬಾರಿಯಾಗಬಹುದು ಎಂಬುದು ಬೇರೆಯವರಿಗೆ ಗೊತ್ತಿರದಿದ್ದರೂ ನಮ್ಮ ಸೀಮೆಗೆ ಗೊತ್ತಿರಬೇಕಿತ್ತು.

ಬಿಟಿ ಬದನೆಯ, ಅಂದರೆ ಹುಳು ತಡೆಯಲು ಹೊರಗಿನ ಜೀನು ಸೇರಿಸಿದ ಬದನೆಯ ಗದ್ದಲ ನೆನಪಿರಬಹುದು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಒಪ್ಪಿತು, 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಜಗಳವೆಲ್ಲ ತಿಂದರೆ ಏನಾದೀತು ಎಂಬುದರ ಸುತ್ತ. ಕಾಯಿಕೊರಕ ಹುಳುವಿಗೆ ಎದುರಾಗಿ ನಿಲ್ಲುವ ಆ ಜೀನನ್ನು ಸೇರಿಸಿದ್ದು ಯಾರ ಬದನೆಗೆ ಎಂದು ಕೇಳಿದವರು ಕಡಿಮೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೊ ಬೀಜ ಕಂಪನಿಯ ಜೊತೆ ನಡೆಸಿದ ಆ ಯೋಜನೆಯಲ್ಲಿ ಆರು ತಳಿಗಳಿದ್ದವು: ಮಾಳಾಪುರ ಲೋಕಲ್, ಮಂಜರಿ ಗೋಟಾ, ಉಡುಪಿ ಗುಳ್ಳ, 112 ಜಿಒ, ಕುಡಚಿ ಲೋಕಲ್, ರಬಕವಿ ಲೋಕಲ್.

ಕೊನೆಯ ಎರಡು ಹೆಸರು ನೋಡಿ. ಕುಡಚಿ ಎಂದರೆ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನದು, ಕೃಷ್ಣೆಯ ಮೇಲಿನ ರೈಲು ಸೇತುವೆಯ ಊರು. ರಬಕವಿ ಬಾಗಲಕೋಟೆ ಜಿಲ್ಲೆಯದು, ಬನಹಟ್ಟಿಯ ಜೋಡಿ ಊರು, ಮಗ್ಗಕ್ಕೆ ಹೆಸರಾದದ್ದು. ಈ ಎರಡೂ ಊರಿನ ಹೆಂಗಸರು ಎಣಗಾಯಿ ಮಾಡಲಿಕ್ಕೆ ಯಾವ ಕಾಯಿ ಚಂದ, ಯಾವುದಕ್ಕೆ ಬೀಜ ಕಡಿಮೆ ಎಂದು ತಲೆಮಾರುಗಟ್ಟಲೆ ಆರಿಸುತ್ತ ಬಂದದ್ದಕ್ಕೇ ಅವು ‘ಕುಡಚಿ’, ‘ರಬಕವಿ’ ಎಂದು ಕರೆಸಿಕೊಂಡವು. ಕಾಗದದಲ್ಲಿ ಅವಕ್ಕೆ ಅಂಟಿದ್ದು ‘ಲೋಕಲ್’ ಎಂಬ ಬಾಲ.

ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ರಾಜ್ಯದ ಮಂಡಳಿಗೆ ದೂರು ಕೊಟ್ಟಿತು. ತಳಿಗಳನ್ನು ಬಳಸುವ ಮೊದಲು ಪ್ರಾಧಿಕಾರದ ಅನುಮತಿ ಪಡೆದಿಲ್ಲ, ಊರಿನ ಸಮಿತಿಗಳನ್ನು ಕೇಳಿಲ್ಲ ಎಂಬುದು ಅದರ ಆರೋಪ. ಚೆನ್ನೈನ ಪ್ರಾಧಿಕಾರ 2011ರಲ್ಲಿ ಕ್ರಮಕ್ಕೆ ನಿರ್ಧರಿಸಿತು, 2012ರ ಕೊನೆಗೆ ಧಾರವಾಡದ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಾಯಿತು. ದೇಶದ ಮೊದಲ ‘ಜೈವಿಕ ಕಳವು’ ಪ್ರಕರಣ ಎಂದು ಪತ್ರಿಕೆಗಳು ಬರೆದದ್ದು ಇದನ್ನೇ. ತಪ್ಪು ಯಾರದ್ದು ಎಂಬ ತೀರ್ಪು ನನ್ನ ಕೆಲಸವಲ್ಲ. ನನಗೆ ಮುಖ್ಯವಾದದ್ದು ಬೇರೆ: ಸಮಿತಿಯನ್ನು ಕೇಳಬೇಕಿತ್ತು ಎಂದರೆ, ಕೇಳಲು ಸಮಿತಿ ಎಲ್ಲಿತ್ತು? 2016ರಲ್ಲೇ ಇಡೀ ದೇಶಕ್ಕೆ 9,700 ಇದ್ದವು. ಯೋಜನೆ ಶುರುವಾದ 2005ರಲ್ಲಿ ಎಷ್ಟಿದ್ದಾವು? ಈಗ ಎಲ್ಲ ಕಡೆ ಸಮಿತಿ ಇದೆ. ಆದರೆ ನಾಳೆ ಯಾರಾದರೂ ಬಂದು ‘ಇದು ನಿಮ್ಮ ತಳಿ ಎಂಬುದಕ್ಕೆ ಏನು ಪುರಾವೆ’ ಎಂದು ಕೇಳಿದರೆ ಆ ಸಮಿತಿ ತೆಗೆದು ತೋರಿಸುವ ಪುಟದಲ್ಲಿ ‘ಸ್ಥಳೀಯ ಮತ್ತು ಹೈಬ್ರಿಡ್’ ಎಂದಷ್ಟೇ ಇದೆ.

ಈ ನಡುವೆ ಕಾನೂನೇ ಬದಲಾಗಿದೆ. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬದನೆ ಪ್ರಕರಣದ ಕನ್ನಡಕ ಹಾಕಿಕೊಂಡೇ ಅದನ್ನು ಓದುವುದು ಒಳ್ಳೆಯದು. ಮೊದಲು, ಬಂಡವಾಳದಲ್ಲಿ ವಿದೇಶಿ ಪಾಲು ಇರುವ ಯಾವ ಕಂಪನಿಯಾದರೂ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕಿತ್ತು. ಮಹಿಕೊದಲ್ಲಿ ಅಮೆರಿಕದ ಮೊನ್ಸಾಂಟೊ ಕಂಪನಿಯ ಪಾಲು ಶೇ 26 ಇತ್ತು. ಈಗ ಪ್ರಶ್ನೆ ಪಾಲಿನದ್ದಲ್ಲ, ಹಿಡಿತದ್ದು. ಇಲ್ಲಿ ನೋಂದಾಯಿತವಾದ ಕಂಪನಿ ವಿದೇಶಿಯರ ಹಿಡಿತದಲ್ಲಿ ಇಲ್ಲದಿದ್ದರೆ ಅದು ಆ ಕಲಮಿನ ಹೊರಗೆ. ಮೊದಲು ತಪ್ಪಿಗೆ 5 ವರ್ಷದವರೆಗೆ ಜೈಲು ಇತ್ತು. ಈಗ ಜೈಲು ಇಲ್ಲ. ಅಧಿಕಾರಿಯೊಬ್ಬರು ವಿಚಾರಿಸಿ 1 ಲಕ್ಷದಿಂದ 50 ಲಕ್ಷದವರೆಗೆ ದಂಡ ಹಾಕುತ್ತಾರೆ, ಹಾನಿ ಅದಕ್ಕೂ ದೊಡ್ಡದಾದರೆ ದಂಡವೂ ಏರಬಹುದು. ಸಂಶೋಧಕರನ್ನು ಜೈಲಿನ ಭಯದಲ್ಲಿ ಇಡಬಾರದು ಎಂಬ ಸರ್ಕಾರದ ವಾದದಲ್ಲಿ ಹುರುಳಿಲ್ಲ ಎಂದು ಹೇಳಲಾರೆ. ಆದರೆ ದೊಡ್ಡ ಬೀಜ ಕಂಪನಿಗೆ 50 ಲಕ್ಷ ಎಂಬುದು ಶಿಕ್ಷೆಯೋ, ಖರ್ಚಿನ ಒಂದು ಬಾಬತ್ತೋ?

ತಿದ್ದುಪಡಿಯ ಇನ್ನೊಂದು ಗಂಟು ಆಯುಷ್ ಕ್ಷೇತ್ರದ್ದು. ಗ್ರಂಥದಲ್ಲಿ ಇರುವ ಪಾರಂಪರಿಕ ಜ್ಞಾನವನ್ನು ಬಳಸಿದರೆ ಅದನ್ನು ಕಾಪಾಡಿದ ಜನರ ಜೊತೆ ಲಾಭ ಹಂಚಬೇಕಿಲ್ಲ. ಸಂಸ್ಕೃತದಲ್ಲಿ ಶ್ಲೋಕವಾಗಿದ್ದರೆ ಅದು ಎಲ್ಲರ ಆಸ್ತಿ. ಬೀಳಗಿಯ ಕುರಿಗಾರ ಕುರಿಯ ಕಾಲುಬೇನೆಗೆ ಅರೆಯುವ ಸೊಪ್ಪು ಮಾತ್ರ ಇನ್ನೂ ಕಾನೂನಿನ ರಕ್ಷಣೆಯೊಳಗಿದೆ. ಕೇಳಲು ಇದು ಕುರಿಗಾರನ ಪರವಾಗಿಯೇ ಇದೆ. ತೊಡಕೆಂದರೆ, ಅದು ಅವನ ಕಡೆಯಿಂದ ಬಂದದ್ದು ಎಂದು ತೋರಿಸಲು ಇರುವ ಜಾಗ ಒಂದೇ, ಅದೇ ಸ್ಪೈರಲ್ ಬೈಂಡಿಂಗಿನ ಪುಸ್ತಕ. ಬೇಸಾಯ ಮಾಡಿ ಬೆಳೆದ ಔಷಧಿ ಸಸ್ಯಕ್ಕೂ ವಿನಾಯಿತಿ ಇದೆ. ಅದಕ್ಕೆ ಬೇಕಾದ ಮೂಲ ಪ್ರಮಾಣಪತ್ರ ಕೊಡಬೇಕಾದ್ದೂ ಊರಿನ ಸಮಿತಿಯೇ. ಪಾರಂಪರಿಕ ಔಷಧಿಗೆಂದೇ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಳಗಾವಿಯಲ್ಲಿ. ಅದರ ಸುತ್ತಲಿನ ಪಂಚಾಯಿತಿಗಳ ದಾಖಲೆಗಳು ದೇಶಕ್ಕೆ ಮಾದರಿ ಆಗಬಹುದಿತ್ತು ಎಂದು ಆಗಾಗ ಅನ್ನಿಸುತ್ತದೆ.

2025ರ ನಿಯಮಗಳು ಈ ಲಾಭ ಹಂಚಿಕೆಯ ದುಡ್ಡಿನ ಲೆಕ್ಕ ಹೇಳುತ್ತವೆ. ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇದ್ದವರು ಏನೂ ಕೊಡಬೇಕಿಲ್ಲ. 50 ಕೋಟಿವರೆಗೆ ವಹಿವಾಟಿನ ಶೇ 0.2, 250 ಕೋಟಿವರೆಗೆ ಶೇ 0.4, ಅದಕ್ಕೂ ಮೇಲಿನವರು ಶೇ 0.6. ತಳಿಯ ಜೀನಿನ ಅನುಕ್ರಮವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಬಳಸುವುದನ್ನೂ ಈ ಲೆಕ್ಕಕ್ಕೆ ತಂದಿದ್ದಾರೆ. ಈಗ ಕುಡಚಿಯ ಬೀಜ ಒಯ್ಯಲು ಕುಡಚಿಗೆ ಬರಬೇಕಿಲ್ಲವಲ್ಲ.

ಪಂಚಾಯಿತಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಆಯಿ ನಮ್ಮ ಮಾತು ಕೇಳುತ್ತಿದ್ದಳು. ‘ಬದ್ನಿಕಾಯಿ ಬರಕೊಳ್ಳಾಕ ಬಂದೀರೇನು?’ ಹೌದೆಂದೆ. ಬೀಜಕ್ಕೆ ಬಿಟ್ಟ ಕಾಯಿ ಗಿಡದಲ್ಲೇ ಹಳದಿಯಾಗಿ ಮೆತ್ತಗಾಗಬೇಕಂತೆ. ಅದನ್ನು ನೀರಲ್ಲಿ ಕಿವುಚಿ, ತೇಲಿದ್ದು ಚೆಲ್ಲಿ, ತಳಕ್ಕೆ ಕೂತದ್ದಕ್ಕೆ ಒಲೆಯ ಬೂದಿ ಹಚ್ಚಿ ನೆರಳಲ್ಲಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಇಡುತ್ತಾಳೆ. ‘ಜೋಳ ಎಷ್ಟ ನಮೂನಿ ನೋಡೀಯವ್ವ?’ ಎಂದದ್ದಕ್ಕೆ ಬೆರಳು ಮಡಚಿದಳು: ರೊಟ್ಟಿಗೆ ಬ್ಯಾರೆ, ಸೀತನಿಗೆ ಬ್ಯಾರೆ, ಅರಳಿಗೆ ಅಳ್ಳಿನ ಜೋಳ, ಕಡಬಿಗೆ ಕಡುಬಿನ ಜೋಳ, ಮತ್ತೆ ಸಕ್ಕರಿ ಮುಕ್ಕರಿ. ‘ಈಗ ಎಲ್ಲಿ ಐತಪಾ, ಎಲ್ಲಾ ಕಬ್ಬ.’ ದಾಖಲೆಯಲ್ಲಿ ‘ಜೋಳ: ಬಿಳಿ’ ಎಂದಿತ್ತು. ಎರಡು ನಿಮಿಷದಲ್ಲಿ ಐದು ಸಾಲು ಸೇರಬಹುದಿತ್ತು.

ಇನ್ನು ದಿಲ್ಲಿಯ ಯೋಜನೆಗೆ ಬರೋಣ. 2022ರ ಡಿಸೆಂಬರಿನಲ್ಲಿ ಜೀವವೈವಿಧ್ಯದ ಕುರಿತ ಕುನ್ಮಿಂಗ್-ಮಾಂಟ್ರಿಯಲ್ ಜಾಗತಿಕ ಒಪ್ಪಂದವಾಯಿತು. 2030ರೊಳಗೆ ಮುಟ್ಟಬೇಕಾದ 23 ಗುರಿಗಳು. ಅದಕ್ಕೆ ಹೊಂದಿಸಿ ಭಾರತ ತನ್ನ ರಾಷ್ಟ್ರೀಯ ಜೀವವೈವಿಧ್ಯ ಕಾರ್ಯತಂತ್ರ ಮತ್ತು ಕ್ರಿಯಾ ಯೋಜನೆಯನ್ನು ಪರಿಷ್ಕರಿಸಿ 2024ರ ಅಕ್ಟೋಬರಿನಲ್ಲಿ ಕೊಲಂಬಿಯಾದ ಕಾಲಿಯಲ್ಲಿ ಬಿಡುಗಡೆ ಮಾಡಿತು. ಅದರಲ್ಲೂ 23 ಗುರಿ. ಎಲ್ಲರ ಬಾಯಲ್ಲಿ ಇರುವುದು ಒಂದೇ: ನೆಲ, ನೀರಿನ ಶೇ 30 ಭಾಗ ಸಂರಕ್ಷಣೆಗೆ ಒಳಪಡಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ಲೆಕ್ಕ ತೆಗೆದೆ. ಖಾನಾಪುರದ ಭೀಮಗಡ ವನ್ಯಜೀವಿಧಾಮ, 2011ರದು, ಸುಮಾರು 190 ಚದರ ಕಿ.ಮೀ. ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗಳು ಇರುವುದು ಇಲ್ಲೇ, ಮಹದಾಯಿ ಹುಟ್ಟುವುದು ಇದೇ ಕಾಡಿನ ಆಸುಪಾಸಿನಲ್ಲಿ. ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮ, 1974ರದು, ಸುಮಾರು 30. ಬೀಳಗಿ-ಮುಧೋಳದ ನಡುವಿನ ಯಡಹಳ್ಳಿ ಚಿಂಕಾರ ಧಾಮ, 2016ರದು, ಸುಮಾರು 96. ವಿಜಯಪುರದ ಪಾಲು ಸೊನ್ನೆ. ಕೂಡಿಸಿದರೆ 316. ಮೂರೂ ಜಿಲ್ಲೆಗಳ ಒಟ್ಟು ವಿಸ್ತೀರ್ಣ 30 ಸಾವಿರ ಚದರ ಕಿ.ಮೀ.ಗೆ ತುಸು ಹೆಚ್ಚು. ಅಂದರೆ ಶೇ 1. ಗುರಿ ಇರುವುದು ದೇಶಕ್ಕೆ, ಪ್ರತಿ ಜಿಲ್ಲೆಗಲ್ಲ ಎಂಬುದು ಗೊತ್ತು. ಆದರೂ ಕಬ್ಬು, ದ್ರಾಕ್ಷಿ, ದಾಳಿಂಬೆಯ ನಾಡಿನಲ್ಲಿ ಹೊಸ ಅಭಯಾರಣ್ಯಕ್ಕೆ ಜಾಗ ಎಲ್ಲಿಂದ ಬರಬೇಕು? ಯೋಜನೆ ಬರೆದವರಿಗೂ ಇದು ತಿಳಿದಿದೆ. ಅದಕ್ಕೇ ಅಭಯಾರಣ್ಯದ ಆಚೆಗೂ ಜೀವ ಉಳಿಸುವ ಜಾಗಗಳನ್ನು ಲೆಕ್ಕಕ್ಕೆ ಸೇರಿಸುವ ದಾರಿ ಇಟ್ಟಿದ್ದಾರೆ: ಕೆರೆ, ದೇವರ ಕಾಡು, ಸಮುದಾಯದ ಹುಲ್ಲುಗಾವಲು.

ಹಾಗಾದರೆ ನಮ್ಮ ಆಸ್ತಿ ಗಾಯರಾಣ. ಹಳೆ ಮುಂಬಯಿ ಪ್ರಾಂತ್ಯದ ಕಂದಾಯ ಕಾಗದದ ಈ ಪದ ದಕ್ಷಿಣದವರಿಗೆ ಗೋಮಾಳ. ಮೇ ತಿಂಗಳಲ್ಲಿ ನೋಡಿದರೆ ಕಲ್ಲು, ಮುಳ್ಳು, ಬೂದಿ ಬಣ್ಣ. ಸರ್ಕಾರದ ನಕಾಶೆಯಲ್ಲಿ ಇಂಥ ನೆಲ ಬಹುಪಾಲು ‘ಬಂಜರು’ ಪಟ್ಟಿಗೆ ಹೋಗುತ್ತದೆ. ಎರಡು ಮಳೆ ಬಿದ್ದ ಮೇಲೆ ಅದೇ ಜಾಗಕ್ಕೆ ಕುರಿಗಾರನ ಜೊತೆ ಹೋಗಬೇಕು. ಮೊಣಕಾಲುದ್ದದ ಹುಲ್ಲು, ಹುಲ್ಲಿನೊಳಗೆ ಗುಬ್ಬಿ ಜಾತಿಯ ಸಣ್ಣ ಹಕ್ಕಿಗಳ ಗೂಡು, ದೂರದಲ್ಲಿ ಚಿಗರಿಗಳು. ತೋಳ ಬದುಕುವುದೂ ಇಂಥಲ್ಲೇ. ದಖನಿ ಕುರಿಯಂಥ ಬರಗಾಲದ ತಳಿ ಬಂದದ್ದೂ ಈ ನೆಲದ ಮೇಲೆ ನಡೆದೇ. ‘ಬಂಜರು’ ಎಂದು ಬರೆದ ಮೇಲೆ ಅದನ್ನು ಯಾರಿಗಾದರೂ ಕೊಡಬಹುದು: ಸೋಲಾರ್‌ಗೆ, ಕೈಗಾರಿಕೆಗೆ, ಕೊನೆಗೆ ಗಿಡ ನೆಡುವವರಿಗೆ.

ಗಿಡ ನೆಡುವುದರ ಬಗ್ಗೆ ತಕರಾರು ಎತ್ತಿದರೆ ವಿಜಯಪುರದಲ್ಲಿ ಬೈಸಿಕೊಳ್ಳಬೇಕಾದೀತು. ಅರಣ್ಯ ಶೇ 1ಕ್ಕೂ ಕಡಿಮೆ ಇರುವ ಜಿಲ್ಲೆ ಅದು. ಕೋಟಿ ವೃಕ್ಷ ಅಭಿಯಾನ ಅಲ್ಲಿ ಜನರನ್ನು ಹಚ್ಚಿಕೊಂಡ ಪರಿ ನಿಜವಾಗಿ ಮೆಚ್ಚುವಂಥದ್ದು. ರಸ್ತೆಬದಿ, ಶಾಲೆ, ಕಾಲುವೆಯ ಏರಿ, ಓಣಿ, ಎಷ್ಟು ನೆಟ್ಟರೂ ಸಂತೋಷ. ಹುಲ್ಲುಗಾವಲಿನಲ್ಲಿ ಗುಂಡಿ ತೋಡುವಾಗ ಮಾತ್ರ ಒಂದು ಸಲ ಕೇಳಬೇಕು, ಇಲ್ಲಿ ಈಗಾಗಲೇ ಏನಿದೆ ಎಂದು. ಹಸಿರು ಎಂದರೆ ಮರ ಎಂದು ನಂಬಿ ಹಿಂದೊಮ್ಮೆ ನಾವೇ ಬಿತ್ತಿದ ಬಳ್ಳಾರಿ ಜಾಲಿ ಇವತ್ತು ಡೋಣಿ ಹೊಳೆಯ ಪಾತ್ರವನ್ನು ಹೇಗೆ ಕಟ್ಟಿಕೊಂಡಿದೆ ನೋಡಿ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಎನ್ನುತ್ತಿದ್ದರು. ಈಗ ಡೋಣಿ ಹರಿದರೆ ಹೊಲಕ್ಕೇ ನುಗ್ಗುತ್ತದೆ. ಹುಲ್ಲಿನ ಪುಟ ಖಾಲಿ ಬಿಟ್ಟ ದಾಖಲೆ ಇಲ್ಲಿ ತಾನೂ ಒಂದು ಸಾಕ್ಷಿ ಹೇಳುತ್ತದೆ: ಈ ಊರಲ್ಲಿ ಹುಲ್ಲು ಇಲ್ಲ ಎಂದು.

ಅಂಥ ಖಾಲಿ ಪುಟದ ಬೆಲೆ ಆಲಮಟ್ಟಿಯಲ್ಲಿ ನೇರವಾಗಿ ಕಾಣಲಿದೆ. ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿದಂತೆ ಅಲ್ಲಿನ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಕೆಲಸಕ್ಕೆ ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಪರಿಹಾರದ ದರ ಗೊತ್ತು ಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ. ಮುಳುಗುವುದು 75,563 ಎಕರೆ. ಹಳೆ ಬಾಗಲಕೋಟೆ ಮುಳುಗಿದ್ದನ್ನು ಕಂಡವರಿಗೆ ಈ ದರ ಸಣ್ಣ ಸುದ್ದಿಯಲ್ಲ, ರೈತರು ಹೋರಾಡಿಯೇ ಪಡೆದದ್ದು. ಆದರೆ ಈ ದರಪಟ್ಟಿಯಲ್ಲಿ ಇರುವುದು ಹೊಲ ಮಾತ್ರ. ಯಾರ ಹೆಸರಿಗೂ ಇಲ್ಲದ ಗಾಯರಾಣ ಮುಳುಗಿದರೆ ಕುರಿಗಾರನಿಗೆ ಏನು? ಹಿನ್ನೀರಿನ ಅಂಚಿನ ತೆಳು ನೀರಿಗೆ ಇಳಿಯುವ ರಾಜಹಂಸಗಳು ಕೆಸರಲ್ಲಿ ಕಾಲೂರಿ ಮೇಯುವ ಹಕ್ಕಿಗಳು. ನೀರು ನಾಲ್ಕೂವರೆ ಮೀಟರು ಏರಿದ ಮೇಲೆ ಆ ಅಂಚು ಎಲ್ಲಿಗೆ ಸರಿಯುತ್ತದೆ? ಮುಳುಗುವ ಊರುಗಳ ಬೀಜಗಳನ್ನು ಮೊದಲೇ ತೆಗೆದಿಡಬೇಕೆಂದು ಯಾರಿಗಾದರೂ ಹೊಳೆದಿದೆಯೇ? ಧಾರವಾಡದ ಕೃಷಿ ವಿ.ವಿ. ಇದೆ, ಬಾಗಲಕೋಟೆಯಲ್ಲೇ ತೋಟಗಾರಿಕೆ ವಿ.ವಿ. ಇದೆ. ನೀರು ಬರುವ ಮುಂಚೆ ಒಂದು ಹಂಗಾಮು ಆ ಊರುಗಳನ್ನು ಸುತ್ತಿ ಸಮಿತಿಗಳ ಜೊತೆ ಕೂತು ದಾಖಲೆ ಬರೆದರೆ ಸಾಕು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, 41ನೇ ಕಲಮೇ ಸಾಕು.

ದುಡ್ಡಿಲ್ಲ ಎಂಬ ಉತ್ತರ ಬರುತ್ತದೆ. ರಾಷ್ಟ್ರೀಯ ಯೋಜನೆಯ ಅಂದಾಜಿನಲ್ಲೇ, ಜೀವವೈವಿಧ್ಯಕ್ಕೆಂದು ಈಚಿನ ವರ್ಷಗಳಲ್ಲಿ ಸರಾಸರಿ ಖರ್ಚಾಗಿರುವುದು ವರ್ಷಕ್ಕೆ 32 ಸಾವಿರ ಕೋಟಿಯಷ್ಟು, ಬೇಕಿರುವುದು 81 ಸಾವಿರ ಕೋಟಿಗೂ ಹೆಚ್ಚು. ನಾನು ಕೇಳುತ್ತಿರುವುದು ಒಂದು ನೋಟುಬುಕ್ಕು ಮತ್ತು ತಿರುಗಾಡುವ ಇಬ್ಬರು ಹುಡುಗರ ಪೆಟ್ರೋಲು.

ಹೆಸರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಬಂತು, 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೊಗಳಿದರು. ಇಂಡಿಯ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿತು. ಅದೇ ಕೃಷ್ಣಾ ಕಣಿವೆಯ ಎತ್ತು, ಎರೆ ಹೊಲದ ಜಿಗುಟು ಮಣ್ಣಿನಲ್ಲಿ ನೇಗಿಲು ಎಳೆಯಲೆಂದೇ ಬೆಳೆಸಿದ ಭಾರಿ ಮೈಕಟ್ಟಿನ ತಳಿ, ಟ್ರ್ಯಾಕ್ಟರ್ ಬಂದ ಮೇಲೆ ಕಣ್ಣಿಗೆ ಬೀಳುವುದೇ ಅಪರೂಪ. ನಾನು ನೋಡಿದ ದಾಖಲೆಯಲ್ಲಿ ‘ಎತ್ತು: ಇದೆ’ ಎಂದು ಬರೆದಿತ್ತು.

ಹೊರಡುವ ಮುಂಚೆ ಪಿಡಿಒ ಅವರನ್ನು ಕೇಳಿದೆ, ಆಯಿ ಹೇಳಿದ ಜೋಳದ ಹೆಸರುಗಳನ್ನು ಈಗಲೇ ಸೇರಿಸಬಹುದಲ್ಲ ಎಂದು. ಒಳ್ಳೆಯ ಮನುಷ್ಯ, ಒಲ್ಲೆ ಅನ್ನಲಿಲ್ಲ. ‘ಹಂಗ ಬರಿಯಾಕ ಬರೂದಿಲ್ರಿ ಸರ, ಸಮಿತಿ ಮೀಟಿಂಗ್ ಆಗಿ ಠರಾವ್ ಆಗಬೇಕು.’ ಸಮಿತಿಯಲ್ಲಿ ಯಾರ್‍ಯಾರಿದ್ದಾರೆ? ಕೊನೆಯ ಪುಟ ತಿರುವಿದರು. ಏಳು ಹೆಸರು. ಒಬ್ಬರು ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳ ಜೊತೆ ಪುಣೆಗೆ ಹೋಗಿದ್ದಾರೆ. ಉಳಿದ ನಾಲ್ವರಲ್ಲಿ ಒಬ್ಬ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ತಾನು ಸದಸ್ಯ ಎಂಬುದು ಅವನಿಗೂ ಆಗಲೇ ಗೊತ್ತಾದದ್ದು.

ಆಯಿ ಎದ್ದು ಒಳಗೆ ಬಂದಳು. ಆಕೆ ಬೆಳಗಿನಿಂದ ಕಾಯುತ್ತಿದ್ದದ್ದು ಬದನೆಗಾಗಿ ಅಲ್ಲ. ‘ನನ್ನ ಪಗಾರ ಬಂದೈತೇನ ನೋಡ್ರಿ ಸಾಹೇಬ್ರ.’ ಮೂರು ತಿಂಗಳಿಂದ ವೃದ್ಧಾಪ್ಯ ವೇತನ ಬಂದಿರಲಿಲ್ಲ. ಪಿಡಿಒ ದಾಖಲೆ ಮುಚ್ಚಿ ಬದಿಗಿಟ್ಟು ಕಂಪ್ಯೂಟರಿನ ಕಡೆ ತಿರುಗಿದರು.